ಕೈಲಿರುವ ಷೇರಿನ ಮೇಲೆ ಕಾಲ್ ಮಾರುವುದು: ಕೊಡಗಿನ ಹೂಡಿಕೆದಾರರಿಗೆ ಕವರ್ಡ್ ಕಾಲ್ ಲೆಕ್ಕ

ಕಣದಲ್ಲಿ ಒಣಗಿಸಿ ಗೋದಾಮು ಸೇರಿಸಿದ ನೂರು ಚೀಲ ರೋಬಸ್ಟಾ ಚೆರ್ರಿ ಇದೆ ಎಂದುಕೊಳ್ಳಿ. 50 ಕೆಜಿ ಚೀಲಕ್ಕೆ ಇವತ್ತಿನ ದರ 9,000 ರೂಪಾಯಿ. ಗೋಣಿಕೊಪ್ಪದಿಂದ ವ್ಯಾಪಾರಿಯೊಬ್ಬರು ಬಂದು ಹೀಗೆ ಕೇಳುತ್ತಾರೆ: "ಮುಂದಿನ ತಿಂಗಳ ಕೊನೆಯ ದಿನ ನನಗೆ ಬೇಕೆನಿಸಿದರೆ ಚೀಲಕ್ಕೆ 9,500ರಂತೆ ಕೊಡಬೇಕು. ಬೇಡವೆನಿಸಿದರೆ ನಾನು ಬರುವುದಿಲ್ಲ. ಈ ಮಾತಿಗೆ ಚೀಲಕ್ಕೆ 200ರಂತೆ 20,000 ಇವತ್ತೇ ಕೊಡುತ್ತೇನೆ. ನಾನು ಬಂದರೂ ಬಾರದಿದ್ದರೂ ಅದು ನಿಮ್ಮದೇ."

ದರ 11,000ಕ್ಕೆ ಹೋದರೆ ಅವರು ಖಂಡಿತ ಬರುತ್ತಾರೆ, ನೀವು 9,500ಕ್ಕೇ ಕೊಡಬೇಕು. ದರ 7,500ಕ್ಕೆ ಇಳಿದರೆ ಬರುವುದಿಲ್ಲ. ಆಗ 20,000 ನಿಮ್ಮ ಕೈಯಲ್ಲಿ ಉಳಿಯುತ್ತದೆ, ಆದರೆ ಗೋದಾಮಿನ ಸರಕು ಒಂದೂವರೆ ಲಕ್ಷ ಕಳೆದುಕೊಂಡಿರುತ್ತದೆ. ವ್ಯಾಪಾರಿ ಕೊಂಡದ್ದು ಕಾಲ್ ಆಪ್ಷನ್. ನೀವು ಮಾಡಿದ್ದು ಕವರ್ಡ್ ಕಾಲ್, ಅಂದರೆ ಸರಕು ಕೈಲಿಟ್ಟುಕೊಂಡು ಅದನ್ನು ಕೊಳ್ಳುವ ಹಕ್ಕನ್ನು ಮಾತ್ರ ಮಾರಿದ್ದು. ಚೆರ್ರಿಯೇ ಇಲ್ಲದೆ ಇದೇ ಮಾತು ಕೊಟ್ಟಿದ್ದರೆ 11,000ಕ್ಕೆ ಹೊರಗೆ ಕೊಂಡು 9,500ಕ್ಕೆ ಕೊಡಬೇಕಿತ್ತು. ಅದಕ್ಕೆ ನೇಕೆಡ್ ಕಾಲ್ ಎನ್ನುತ್ತಾರೆ. ದರ ಎಷ್ಟು ಏರುತ್ತದೋ ಅಷ್ಟೂ ನಷ್ಟ, ಅದಕ್ಕೆ ಮಿತಿಯಿಲ್ಲ.

ಕಾಫಿಗೆ ಒಳ್ಳೆಯ ದರ ಸಿಕ್ಕ ವರ್ಷಗಳ ಹಣ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ಡಿಮ್ಯಾಟ್ ಖಾತೆಗಳಿಗೂ ಹರಿದಿದೆ. ಅದರ ಜೊತೆಗೇ "ಷೇರು ಸುಮ್ಮನೆ ಇಟ್ಟುಕೊಂಡು ಏನು ಮಾಡ್ತೀರಿ, ಕವರ್ಡ್ ಕಾಲ್ ಮಾಡಿ, ತಿಂಗಳು ತಿಂಗಳು ಬಾಡಿಗೆ ಬಂದ ಹಾಗೆ" ಎಂಬ ಮಾತೂ ಬಂದಿದೆ. ಈ ಬಾಡಿಗೆ ಎಂಬ ಪದವೇ ತಪ್ಪು. ಮನೆ ಬಾಡಿಗೆಗೆ ಕೊಟ್ಟರೆ ಮನೆಯ ಬೆಲೆ ಏರಿದ್ದು ನಿಮಗೇ ಸೇರುತ್ತದೆ. ಕಾಲ್ ಮಾರಿದರೆ ಒಂದು ಮಟ್ಟದಿಂದಾಚೆಗಿನ ಏರಿಕೆಯನ್ನೇ ಮಾರಿಬಿಟ್ಟಿರುತ್ತೀರಿ. ಬರುವ ಹಣ ಆ ಏರಿಕೆಯ ಬೆಲೆ. ಇದನ್ನು ಒಪ್ಪಿಕೊಂಡು ಮಾಡಿದರೆ ಕವರ್ಡ್ ಕಾಲ್ ಒಳ್ಳೆಯ ಸಾಧನ. ಒಪ್ಪದೆ ಮಾಡಿದವರೇ ಷೇರು ಏರಿದಾಗ ಗಾಬರಿಯಾಗಿ ಕೈ ಸುಟ್ಟುಕೊಳ್ಳುವುದು.

ಲೆಕ್ಕಕ್ಕೆ ಒಂದು ಷೇರು

ಒಂದು ಕಂಪನಿಯ ಷೇರು 500 ರೂಪಾಯಿಯಲ್ಲಿದೆ, ಅದರ ಆಪ್ಷನ್ ಲಾಟ್, ಅಂದರೆ ಒಂದು ಒಪ್ಪಂದಕ್ಕೆ ಸೇರುವ ಷೇರುಗಳ ಕಂತೆ, 1,200 ಷೇರು ಎಂದು ಇಟ್ಟುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ, ಆದರೆ ಪ್ರಮಾಣ ವಾಸ್ತವಕ್ಕೆ ಹತ್ತಿರವಿದೆ. ತಿಂಗಳ ಕೊನೆಗೆ ಮುಗಿಯುವ 520ರ ಕಾಲ್ 9 ರೂಪಾಯಿಗೆ ಸಿಗುತ್ತಿದೆ. 520 ಸ್ಟ್ರೈಕ್ ಬೆಲೆ, 9 ಪ್ರೀಮಿಯಂ, ಮುಗಿಯುವ ದಿನ ಎಕ್ಸ್‌ಪೈರಿ. ಆಪ್‌ನಲ್ಲಿ ಸ್ಟ್ರೈಕ್ ಬೆಲೆಯ ಮುಂದೆ ಕಾಣುವ ಸಿಇ ಎಂಬ ಎರಡಕ್ಷರ ಕಾಲ್‌ನ ಗುರುತು, ಪಿಇ ಎಂದರೆ ಪುಟ್, ಅಂದರೆ ಮಾರುವ ಹಕ್ಕು. ಆರ್ಡರ್ ಹಾಕುವಾಗ ಇವೆರಡು ಅದಲುಬದಲಾಗುವುದುಂಟು, ಎರಡು ಸಲ ನೋಡಿ.

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯಲ್ಲಿ 2025ರ ಸೆಪ್ಟೆಂಬರ್ 1ರಿಂದ ಷೇರುಗಳ ಮಾಸಿಕ ಆಪ್ಷನ್ ತಿಂಗಳ ಕೊನೆಯ ಮಂಗಳವಾರ ಮುಗಿಯುತ್ತದೆ. ಅದಕ್ಕೂ ಮೊದಲು ಕೊನೆಯ ಗುರುವಾರ ಇತ್ತು, ಹಳೆಯ ವಿಡಿಯೊಗಳಲ್ಲಿ ಈಗಲೂ ಗುರುವಾರ ಎಂದೇ ಹೇಳುತ್ತಾರೆ. ಆ ಮಂಗಳವಾರ ರಜೆ ಬಿದ್ದರೆ ಅದರ ಹಿಂದಿನ ವಹಿವಾಟಿನ ದಿನವೇ ಎಕ್ಸ್‌ಪೈರಿ.

520ರ ಕಾಲ್‌ಗೆ 9 ರೂಪಾಯಿ ಏಕೆ? ಈಗ ಷೇರು 500ರಲ್ಲೇ ಇರುವುದರಿಂದ 520ಕ್ಕೆ ಕೊಳ್ಳುವ ಹಕ್ಕಿಗೆ ಇಂದು ಒಳಬೆಲೆ ಏನೂ ಇಲ್ಲ. ಆ 9 ಪೂರ್ತಿ ಕಾಲದ ಬೆಲೆ, ಅಂದರೆ ಇನ್ನೊಂದು ತಿಂಗಳಲ್ಲಿ ಏನಾದರೂ ಆಗಬಹುದು ಎಂಬುದಕ್ಕೆ ಕೊಟ್ಟ ಬೆಲೆ. ಷೇರು 530 ಆಗಿದ್ದರೆ ಒಳಬೆಲೆ 10, ಅದರ ಮೇಲೆ ಕಾಲದ ಬೆಲೆ. ಈ ಕಾಲದ ಬೆಲೆ ದಿನವೂ ಸವೆಯುತ್ತದೆ, ಸ್ಟ್ರೈಕ್‌ನ ಆಸುಪಾಸು ಷೇರು ನಿಂತಿದ್ದರೆ ಕೊನೆಯ ಎರಡು ವಾರ ಬಹಳ ಬೇಗ ಸವೆಯುತ್ತದೆ. ಅನಿಶ್ಚಿತತೆ ಹೆಚ್ಚಿದಷ್ಟೂ ಅದು ಉಬ್ಬುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೀಳುತ್ತದೋ ಇಲ್ಲವೋ ಎನ್ನುವ ದಿನಗಳಲ್ಲಿ ಮುಂದಿನ ಫಸಲಿನ ಮಾತು ಹೇಗೆ ದಿನಕ್ಕೊಂದು ಥರ ಏರಿಳಿಯುತ್ತದೋ ಹಾಗೆ. ಮಳೆ ಬಿದ್ದ ಮರುದಿನ ಅನುಮಾನ ಮುಗಿಯಿತು. ಷೇರುಗಳಿಗೆ ಆ ಹೂಮಳೆ ಎಂದರೆ ತ್ರೈಮಾಸಿಕ ಫಲಿತಾಂಶ.

ಕೊಳ್ಳುವವರ ಕಡೆ

ಕಾಲ್ ಕೊಂಡವರು 9 × 1,200 = 10,800 ಕೊಡುತ್ತಾರೆ. ಅದಕ್ಕಿಂತ ಹೆಚ್ಚು ನಷ್ಟವಿಲ್ಲ, ಅದೇ ಆಕರ್ಷಣೆ. ಆದರೆ ಎಕ್ಸ್‌ಪೈರಿಗೆ ಷೇರು 529 ದಾಟಿದರೆ ಮಾತ್ರ ಲಾಭ ಶುರು. ಷೇರು 515ಕ್ಕೆ ಏರಿತು ಎಂದುಕೊಳ್ಳಿ. ಏರುತ್ತದೆ ಎಂದ ಅಂದಾಜು ಸರಿಯೇ ಆಗಿತ್ತು, ಆದರೂ ಹಾಕಿದ 10,800 ಸೊನ್ನೆ. ಫಲಿತಾಂಶದ ಹಿಂದಿನ ದಿನ ಉಬ್ಬಿದ ಪ್ರೀಮಿಯಂಗೆ ಕೊಂಡವರಿಗೆ ಇನ್ನೂ ವಿಚಿತ್ರವಾದದ್ದು ಕಾಣುತ್ತದೆ: ಫಲಿತಾಂಶ ಚೆನ್ನಾಗಿ ಬಂದು ಷೇರು ಶೇ 1–2 ಏರಿದರೂ ಕಾಲ್ ಬೆಲೆ ಇಳಿಯುತ್ತದೆ. ಅನುಮಾನಕ್ಕೆ ಕೊಟ್ಟಿದ್ದ ಬೆಲೆ ಅನುಮಾನದ ಜೊತೆಗೇ ಹೋಯಿತು.

ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದಲ್ಲಿ ವ್ಯವಹರಿಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಜನ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ತೋಟದ ಹಣದಿಂದ ಬರಿಯ ಕಾಲ್ ಕೊಳ್ಳಲು ಹೊರಟವರಿಗೆ ಈ ಅಂಕಿ ಸಾಕು. ಮುಂದಿನದೆಲ್ಲ ಷೇರು ಈಗಾಗಲೇ ಕೈಯಲ್ಲಿರುವವರಿಗೆ.

ಮಾರುವವರ ಕಡೆ

500ರಲ್ಲಿರುವ 1,200 ಷೇರು ನಿಮ್ಮ ಡಿಮ್ಯಾಟ್‌ನಲ್ಲಿದೆ. 520ರ ಒಂದು ಲಾಟ್ ಕಾಲ್ ಮಾರಿದಿರಿ, 10,800 ಬಂತು. ಎಕ್ಸ್‌ಪೈರಿಗೆ ಷೇರು 500ರಲ್ಲೇ ಇದ್ದರೆ 10,800 ಲಾಭ. 520 ಇದ್ದರೆ ಷೇರಿನ ಏರಿಕೆ 24,000 ಸೇರಿ 34,800. ಇದೇ ಗರಿಷ್ಠ. 560ಕ್ಕೆ ಹೋದರೂ 34,800 ಮಾತ್ರ. ಕಾಲ್ ಮಾರದೆ ಇದ್ದಿದ್ದರೆ 60 × 1,200 = 72,000 ಬರುತ್ತಿತ್ತು. ಕೈಬಿಟ್ಟುಹೋದ 37,200 ಎಲ್ಲಿಗೆ ಹೋಯಿತು ಎಂದರೆ, ಕಾಲ್ ಕೊಂಡವರ ಲಾಭವನ್ನು ಲೆಕ್ಕ ಹಾಕಿ: 560ರಿಂದ 529 ಕಳೆದರೆ 31, 1,200ರಿಂದ ಗುಣಿಸಿದರೆ ಅದೇ 37,200. ಆಪ್ಷನ್‌ನಲ್ಲಿ ಒಬ್ಬರ ಕೈಬಿಟ್ಟದ್ದು ಇನ್ನೊಬ್ಬರ ಕೈ ಸೇರುತ್ತದೆ, ಮಧ್ಯೆ ಶುಲ್ಕ ಮತ್ತು ತೆರಿಗೆ ಹೋಗುತ್ತದೆ.

ಕೆಳಗಡೆ? ಷೇರು 470ಕ್ಕೆ ಇಳಿದರೆ 36,000 ನಷ್ಟ, ಪ್ರೀಮಿಯಂ ಕಳೆದು 25,200. ನಿಮ್ಮ ಅಸಲು 500ರಿಂದ 491ಕ್ಕೆ ಇಳಿಯಿತು, ಅಷ್ಟೇ ರಕ್ಷಣೆ. ಕವರ್ಡ್ ಎಂಬ ಹೆಸರು ಕೇಳಿ ಷೇರಿಗೆ ರಕ್ಷಣೆ ಇದೆ ಎಂದುಕೊಳ್ಳುವವರು ಬಹಳ. ಕವರ್ ಆಗಿರುವುದು ನೀವು ಮಾರಿದ ಕಾಲ್. ಷೇರಿನ ಮೇಲೆ ಒಂಬತ್ತು ರೂಪಾಯಿಯ ಛತ್ರಿ ಮಾತ್ರ ಇದೆ, ಆಷಾಢದ ಮಳೆಗೆ ಅದು ಸಾಲದು.

9 ರೂಪಾಯಿ 500ಕ್ಕೆ ಶೇ 1.8. ಅದನ್ನು ಹನ್ನೆರಡರಿಂದ ಗುಣಿಸಿ ವರ್ಷಕ್ಕೆ ಶೇ 21.6 ಎಂದು ತೋರಿಸುವ ಚಿತ್ರಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿವೆ. ಹನ್ನೆರಡು ತಿಂಗಳೂ ಷೇರು ತೀರಾ ಏರದೆ, ತೀರಾ ಇಳಿಯದೆ ಇದ್ದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ. ಅಂಥ ಷೇರಿನ ಪ್ರೀಮಿಯಂ ಅಷ್ಟು ಇರುವುದೂ ಇಲ್ಲ.

ಲಾಟ್, ಮಾರ್ಜಿನ್, ಅಡವು

ಮೊದಲ ಅಡ್ಡಿ ಲಾಟ್. ಎಲ್ಲ ಕಂಪನಿಗಳಿಗೂ ಆಪ್ಷನ್ ಇಲ್ಲ. ವಿನಿಮಯ ಕೇಂದ್ರ ಆರಿಸಿದ ಪಟ್ಟಿಯಲ್ಲಿರುವವುಗಳಿಗೆ ಮಾತ್ರ ಇದೆ, ಅದೂ ಲಾಟ್ ನಿಗದಿ ಮಾಡುವಾಗ ಒಪ್ಪಂದದ ಮೌಲ್ಯ 5 ಲಕ್ಷಕ್ಕೆ ಕಡಿಮೆಯಾಗದಂತೆ. ನಮ್ಮ ಜಿಲ್ಲೆಯವರಿಗೆ ಹತ್ತಿರದ ಉದಾಹರಣೆ ಇದೆ. ಟಾಟಾ ಕಾಫಿ 2024ರ ಜನವರಿ 1ರಿಂದ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಜೊತೆ ಸೇರಿದಾಗ ಟಾಟಾ ಕಾಫಿಯ 10 ಷೇರಿಗೆ 3 ಷೇರು ಸಿಕ್ಕಿತು. 1,000 ಷೇರು ಇಟ್ಟಿದ್ದವರ ಬಳಿ ಈಗ 300 ಇರುತ್ತದೆ. ಟಾಟಾ ಕನ್ಸ್ಯೂಮರ್ ಆಪ್ಷನ್ ಪಟ್ಟಿಯಲ್ಲಿದೆ, ಆದರೆ ಷೇರು ಸಾವಿರದ ಆಸುಪಾಸಿದ್ದರೆ 300 ಷೇರಿನ ಮೌಲ್ಯ ಮೂರು ಲಕ್ಷ ಮಾತ್ರ, ಒಂದು ಲಾಟ್‌ಗೂ ಸಾಲದು. 300 ಷೇರು ಇಟ್ಟುಕೊಂಡು ಒಂದು ಲಾಟ್ ಕಾಲ್ ಮಾರಿದರೆ ಸಾಲದೆ ಬಂದ ಷೇರುಗಳ ಮಟ್ಟಿಗೆ ಅದು ನೇಕೆಡ್ ಕಾಲ್. ಅರ್ಧ ಲಾಟ್ ಮಾರಲು ದಾರಿಯಿಲ್ಲ. ಲಾಟ್ ಗಾತ್ರವನ್ನು ಆಗಾಗ ಬದಲಿಸುತ್ತಾರೆ, ಹಾಗಾಗಿ ಪ್ರತಿ ಸಲವೂ ಒಪ್ಪಂದದ ವಿವರ ನೋಡಿಯೇ ಮುಂದುವರಿಯಬೇಕು.

ಇನ್ನೊಂದು ಮಾತು, ನಮ್ಮ ಒಕ್ಕಗಳಲ್ಲಿ ಆಸ್ತಿ ಎಲ್ಲರದ್ದೂ ಎಂಬ ರೂಢಿ ಇರುವುದರಿಂದ ಹೇಳಬೇಕಾದದ್ದು. ಅಪ್ಪನ ಡಿಮ್ಯಾಟ್‌ನಲ್ಲಿರುವ ಷೇರು ಮಗನ ಖಾತೆಯಲ್ಲಿ ಮಾರಿದ ಕಾಲ್‌ಗೆ ಕವರ್ ಆಗುವುದಿಲ್ಲ. ಷೇರು ಮತ್ತು ಆಪ್ಷನ್ ಒಂದೇ ಹೆಸರಿನಲ್ಲಿ, ಒಂದೇ ಬ್ರೋಕರ್‌ನಲ್ಲಿ ಇರಬೇಕು. ಆ ಖಾತೆಗೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗ ತೆರೆಸಲು ಆದಾಯದ ದಾಖಲೆ ಕೇಳುತ್ತಾರೆ. ಕೃಷಿ ಆದಾಯ ಮಾತ್ರ ಇದ್ದು ರಿಟರ್ನ್ ಸಲ್ಲಿಸದವರು ಆರು ತಿಂಗಳ ಬ್ಯಾಂಕ್ ವಿವರ ಅಥವಾ ಡಿಮ್ಯಾಟ್ ಹಿಡುವಳಿಯ ವಿವರ ಕೊಡಬಹುದು.

ಮುಂದಿನದು ಮಾರ್ಜಿನ್, ಅಂದರೆ ಕೊಟ್ಟ ಮಾತಿಗೆ ಭದ್ರತೆಯಾಗಿ ಕಟ್ಟುವ ಹಣ. ಹೊಸಬರು ಹೆಚ್ಚು ಎಡವುವುದು ಇಲ್ಲಿ. ಷೇರು ನಿಮ್ಮ ಬಳಿ ಇದೆ ಎಂಬುದನ್ನು ವ್ಯವಸ್ಥೆ ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಲ್ ಮಾರಿದವರೆಲ್ಲರ ಹಾಗೆ ನೀವೂ ಮಾರ್ಜಿನ್ ಕಟ್ಟಬೇಕು. ನಮ್ಮ 6 ಲಕ್ಷದ ಒಪ್ಪಂದಕ್ಕೆ ಅದು ಒಂದರಿಂದ ಒಂದೂವರೆ ಲಕ್ಷ ಆಗಬಹುದು, ಬ್ರೋಕರ್‌ನ ಮಾರ್ಜಿನ್ ಕ್ಯಾಲ್ಕ್ಯುಲೇಟರ್‌ನಲ್ಲಿ ಆ ದಿನದ ಅಂಕಿ ಸಿಗುತ್ತದೆ. ಅಷ್ಟು ನಗದು ಇಲ್ಲದಿದ್ದರೆ ಅದೇ ಷೇರನ್ನು ಅಡವಿಡಬಹುದು. ಷೇರು ನಿಮ್ಮ ಡಿಮ್ಯಾಟ್‌ನಲ್ಲೇ ಉಳಿದು, ಅದರ ಮೇಲೆ ಅಡವಿನ ಗುರುತು ಬೀಳುತ್ತದೆ. ಡಿಪಾಸಿಟರಿಯಿಂದ (ಡಿಮ್ಯಾಟ್ ಷೇರುಗಳ ದಾಖಲೆ ಇಡುವ ಸಂಸ್ಥೆ) ಬರುವ ಒಟಿಪಿ ಕೊಟ್ಟು ನೀವೇ ಒಪ್ಪಬೇಕು. ಷೇರಿನ ಮೌಲ್ಯದಲ್ಲಿ ಒಂದು ಪಾಲು ಕಡಿತ ಮಾಡಿ ಉಳಿದದ್ದನ್ನು ಮಾರ್ಜಿನ್ ಎಂದು ಕೊಡುತ್ತಾರೆ.

ಆದರೆ ರಾತ್ರಿ ದಾಟಿಸುವ ವಹಿವಾಟಿಗೆ ಮಾರ್ಜಿನ್‌ನ ಅರ್ಧದಷ್ಟು ನಗದು ಅಥವಾ ನಗದಿಗೆ ಸಮನಾದದ್ದು ಆಗಿರಬೇಕು. ಲಿಕ್ವಿಡ್ ಫಂಡ್, ಸರ್ಕಾರಿ ಬಾಂಡ್ ಈ ಲೆಕ್ಕಕ್ಕೆ ಬರುತ್ತವೆ. 1.2 ಲಕ್ಷ ಮಾರ್ಜಿನ್ ಬೇಕಿದ್ದು ಷೇರು ಮಾತ್ರ ಅಡವಿಟ್ಟಿದ್ದರೆ ಕೊರತೆಯ 60,000ಕ್ಕೆ ಬ್ರೋಕರ್ ದಿನದ ಬಡ್ಡಿ ಹಾಕುತ್ತಾರೆ. 10,800 ಪ್ರೀಮಿಯಂನಲ್ಲಿ ಒಂದು ಪಾಲು ಹಾಗೇ ಸದ್ದಿಲ್ಲದೆ ಹೋಗುತ್ತದೆ. ಹಾಗಾಗಿ ಕವರ್ಡ್ ಕಾಲ್ ಮಾಡುವ ಮೊದಲು ಲಿಕ್ವಿಡ್ ಫಂಡ್‌ನಲ್ಲಿ ಒಂದಿಷ್ಟು ಹಣ ಇಟ್ಟು ಅದನ್ನೂ ಅಡವಿಡುವುದು ಒಳ್ಳೆಯದು.

ಇದಕ್ಕಿಂತ ಮುಖ್ಯವಾದದ್ದು ಷೇರು ಏರಿದಾಗ ಆಗುವುದು. 500ರಿಂದ 540ಕ್ಕೆ ಹೋದರೆ ಕಾಗದದ ಮೇಲೆ ನಿಮಗೆ ಲಾಭವೇ, ಆದರೆ ಮಾರಿದ ಕಾಲ್‌ನ ಮಾರ್ಜಿನ್ ಹೆಚ್ಚುತ್ತದೆ. ಷೇರಿನ ಲಾಭ ನಗದಾಗಿ ಬರುವುದಿಲ್ಲ, ಮಾರ್ಜಿನ್ ಮಾತ್ರ ಇವತ್ತೇ ಕೇಳುತ್ತಾರೆ. ಕೊಡದಿದ್ದರೆ ಬ್ರೋಕರ್ ನಿಮ್ಮ ಕಾಲ್ ಅನ್ನು ಆಗಿನ ದುಬಾರಿ ಬೆಲೆಗೆ ವಾಪಸ್ ಕೊಂಡು ಮುಗಿಸುತ್ತಾರೆ. ನೀವಾಗಿಯೇ ವಾಪಸ್ ಕೊಳ್ಳಬೇಕೆಂದರೂ ಪ್ರೀಮಿಯಂ ನಗದಾಗಿಯೇ ಬೇಕು, ಅಡವಿನ ಮಾರ್ಜಿನ್ ಅದಕ್ಕೆ ನಡೆಯುವುದಿಲ್ಲ. ಒಂದು ಲಾಟ್‌ಗೆ ಕನಿಷ್ಠ 40–50 ಸಾವಿರ ಕೈಗೆಟುಕುವಂತೆ ಬಿಟ್ಟಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಆರ್ಡರ್ ಹಾಕುವಾಗ

ಯಾವ ಸ್ಟ್ರೈಕ್? "ಈ ಬೆಲೆಗೆ ಹೋದರೆ ಸಂತೋಷವಾಗಿ ಕೊಟ್ಟುಬಿಡುತ್ತೇನೆ" ಎನ್ನುವ ಬೆಲೆ ಯಾವುದೋ ಅದು. ಪ್ರೀಮಿಯಂ ನೋಡಿ ಸ್ಟ್ರೈಕ್ ಆರಿಸುವುದು ತಲೆಕೆಳಗಾದ ಕ್ರಮ. ಸಹಾಯಕ್ಕೆ ಡೆಲ್ಟಾ ನೋಡಬಹುದು: ಷೇರು ಒಂದು ರೂಪಾಯಿ ಏರಿದರೆ ಕಾಲ್ ಎಷ್ಟು ಪೈಸೆ ಏರುತ್ತದೆ ಎಂಬ ಅಂಕಿ ಅದು. 0.30 ಎಂದರೆ 30 ಪೈಸೆ. ಎಕ್ಸ್‌ಪೈರಿಗೆ ಷೇರು ಸ್ಟ್ರೈಕ್ ದಾಟುವ ಸಾಧ್ಯತೆ ಸುಮಾರು ಮೂವತ್ತರಷ್ಟು ಎಂದೂ ಒರಟಾಗಿ ಓದಬಹುದು. ಷೇರು ಬಿಟ್ಟುಕೊಡಲು ಅಷ್ಟೇನೂ ಮನಸ್ಸಿಲ್ಲದವರು 0.20ರ ಕೆಳಗೇ ಇರಬೇಕು, ಪ್ರೀಮಿಯಂ ಕಡಿಮೆ ಬಂದರೂ ಸರಿ.

ಎಷ್ಟು ದಿನದ್ದು? ಒಟ್ಟು ಮೂರು ತಿಂಗಳ ಆಪ್ಷನ್‌ಗಳು ತೆರೆದಿರುತ್ತವೆ, ಆದರೆ ಷೇರುಗಳಲ್ಲಿ ನಿಜವಾದ ವಹಿವಾಟು ಇರುವುದು ಚಾಲ್ತಿ ತಿಂಗಳಲ್ಲಿ, ಸ್ವಲ್ಪಮಟ್ಟಿಗೆ ಮುಂದಿನ ತಿಂಗಳಲ್ಲಿ. ಹಿಂದಿನ ಎಕ್ಸ್‌ಪೈರಿ ಮುಗಿದ ಮೊದಲ ವಾರ ಮಾರುವುದು ಅನುಕೂಲ, ಕಾಲದ ಬೆಲೆ ಇನ್ನೂ ಇರುತ್ತದೆ.

ಕೊಳ್ಳುವವರ ಬೆಲೆ 7.50, ಮಾರುವವರ ಬೆಲೆ 10.50 ಎಂದು ಅಂತರ ತೆರೆದಿರುವುದು ಷೇರು ಆಪ್ಷನ್‌ಗಳಲ್ಲಿ ಮಾಮೂಲು. ಮಾರ್ಕೆಟ್ ಆರ್ಡರ್ ಹಾಕಿದರೆ 7.50 ಸಿಗುತ್ತದೆ, ಮಧ್ಯದ 9ಕ್ಕೆ ಹೋಲಿಸಿದರೆ 1,800 ರೂಪಾಯಿ ನಷ್ಟ. ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಯಾರು ಕಡಿಮೆ ಮಾಡುತ್ತಾರೆ ಎಂದು ಹುಡುಕುವವರು ಈ 1,800 ಗಮನಿಸುವುದಿಲ್ಲ. ಬೆಲೆಯನ್ನು ನೀವೇ ಹೇಳುವ ಲಿಮಿಟ್ ಆರ್ಡರ್ ಹಾಕಿ, 9.20ರಿಂದ ಶುರು ಮಾಡಿ, ಹತ್ತು ಪೈಸೆಯಂತೆ ಇಳಿಸುತ್ತ ಕಾಯಬೇಕು. ಬೆಳಿಗ್ಗೆ 9.15ರಿಂದ ಮೊದಲ ಅರ್ಧ ಗಂಟೆ ಅಂತರ ಅಗಲವಾಗಿರುತ್ತದೆ, ಅದು ಕಳೆಯಲಿ. ಮಾರುವವರು ಕಟ್ಟುವ ಎಸ್‌ಟಿಟಿ, ಅಂದರೆ ಷೇರು ವಹಿವಾಟಿನ ತೆರಿಗೆ, 2024ರ ಅಕ್ಟೋಬರ್ 1ರಂದು ಪ್ರೀಮಿಯಂನ ಶೇ 0.1ಕ್ಕೆ ಏರಿತು. ಬಜೆಟ್‌ಗಳಲ್ಲಿ ಈ ದರ ಬದಲಾಗುತ್ತಿರುತ್ತದೆ, ಕಾಂಟ್ರಾಕ್ಟ್ ನೋಟ್‌ನಲ್ಲಿ ನೋಡಿಕೊಳ್ಳಿ. ಒಂದು ಲಾಟ್ ಮಾರಲು ಎಲ್ಲ ಖರ್ಚು ಸೇರಿ ಐವತ್ತು ರೂಪಾಯಿಯ ಆಸುಪಾಸು.

ಷೇರು 495ರಲ್ಲೇ ನಿಂತು ಇನ್ನೂ ಹತ್ತು ದಿನ ಇರುವಾಗ ಕಾಲ್ 1.50ಕ್ಕೆ ಬಂದಿದೆಯೇ? 1,800 ಕೊಟ್ಟು ವಾಪಸ್ ಕೊಂಡುಬಿಡಿ. ಉಳಿದ ಒಂದೂವರೆ ರೂಪಾಯಿಗಾಗಿ ಹತ್ತು ದಿನ ಏರಿಕೆಯನ್ನು ಒತ್ತೆಯಿಡುವುದು ಲಾಭದ ಮಾತಲ್ಲ.

ಕೆಡುವುದು ಹೇಗೆ

ಹೆಚ್ಚು ಹಾನಿ ಮಾಡುವುದು ಷೇರು ಇಳಿದ ತಿಂಗಳು. 500ರ ಷೇರು 440ಕ್ಕೆ ಬಂತು. 520ರ ಕಾಲ್ ಸೊನ್ನೆಯಾಗಿ 9 ರೂಪಾಯಿ ಉಳಿಯಿತು. ಈಗ 520ರ ಕಾಲ್‌ಗೆ ಏನೂ ಸಿಗುವುದಿಲ್ಲ, ಆದ್ದರಿಂದ 450ರದ್ದನ್ನು 9ಕ್ಕೆ ಮಾರುತ್ತಾರೆ. ಮರು ತಿಂಗಳು ಷೇರು ಮತ್ತೆ 500. ನೀವು 450ಕ್ಕೆ ಕೊಡಬೇಕು. 450ಕ್ಕೆ ಎರಡು ಪ್ರೀಮಿಯಂ 18 ಸೇರಿಸಿ 468. ಷೇರು ಹೊರಟ ಜಾಗಕ್ಕೇ ವಾಪಸ್ ಬಂದಿದೆ, ನಿಮಗೆ ಮಾತ್ರ 38,400 ನಷ್ಟ. ಅಸಲಿಗಿಂತ ಕೆಳಗಿನ ಸ್ಟ್ರೈಕ್ ಮಾರುವುದೆಂದರೆ ನಷ್ಟಕ್ಕೆ ಬೀಗ ಹಾಕಿ ಕೀಲಿಯನ್ನು ಬೇರೆಯವರಿಗೆ ಕೊಟ್ಟಂತೆ. ಇಳಿದ ತಿಂಗಳು ಏನೂ ಮಾರದೆ ಸುಮ್ಮನಿರಬೇಕು. ತಿಂಗಳ ಆದಾಯ ಎಂದು ಲೆಕ್ಕ ಬರೆದುಕೊಂಡವರಿಗೆ ಸುಮ್ಮನಿರುವುದೇ ಕಷ್ಟ.

ಷೇರು ಏರಿದಾಗ ಮಾಡುವ ಕೆಲಸಕ್ಕೆ ರೋಲ್ ಎನ್ನುತ್ತಾರೆ. ಹತ್ತು ದಿನ ಬಾಕಿ ಇರುವಾಗ ಷೇರು 540, ನಿಮ್ಮ 520ರ ಕಾಲ್ ಈಗ 24. ಅದನ್ನು 28,800 ಕೊಟ್ಟು ವಾಪಸ್ ಕೊಂಡು, ಮುಂದಿನ ತಿಂಗಳ 540ರ ಕಾಲ್ ಅನ್ನು 20ಕ್ಕೆ ಮಾರಿದರೆ 24,000 ಬರುತ್ತದೆ. ಕೈಯಿಂದ ಹೋದದ್ದು 4,800, ಬದಲಿಗೆ ನಿಮ್ಮ ಮಿತಿ 520ರಿಂದ 540ಕ್ಕೆ ಏರಿತು. ಷೇರು ಅಲ್ಲೇ ನಿಂತರೆ ಒಟ್ಟು ಲಾಭ 54,000. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಷೇರು ಮರಳಿ 500ಕ್ಕೆ ಇಳಿದರೆ ಎರಡು ತಿಂಗಳಿಗೆ ಉಳಿಯುವುದು ಷೇರಿಗೆ 5 ರೂಪಾಯಿ ಮಾತ್ರ. 520ಕ್ಕೆ ಕೊಟ್ಟು 34,800 ಎಣಿಸಿಕೊಂಡು ಬರಬಹುದಾಗಿದ್ದ ವಹಿವಾಟು ಅದು. ಒಮ್ಮೆ ರೋಲ್ ಮಾಡಬಹುದು. ಏರುತ್ತಲೇ ಇರುವ ಷೇರಿನ ಹಿಂದೆ ತಿಂಗಳು ತಿಂಗಳೂ ಹಣ ಸುರಿಯುತ್ತ ಓಡುವುದು ಬೇಡ. ಕೊಟ್ಟುಬಿಡಿ.

ರೋಲ್ ಮಾಡಲು ಆಗದೇ ಇರುವ ದಿನಗಳೂ ಇವೆ. ಒಂದು ಷೇರಿನ ಮೇಲೆ ತೆರೆದಿರುವ ಒಪ್ಪಂದಗಳು ಮಾರುಕಟ್ಟೆ ಮಿತಿಯ ಶೇ 95 ದಾಟಿದರೆ ಆ ಷೇರು ನಿಷೇಧದ ಪಟ್ಟಿಗೆ ಬೀಳುತ್ತದೆ, ಶೇ 80ಕ್ಕೆ ಇಳಿಯುವವರೆಗೆ ಇರುವ ಹೊರೆಯನ್ನು ಹೆಚ್ಚಿಸುವಂತಿಲ್ಲ. ಹಳೆಯದನ್ನು ಮುಗಿಸಬಹುದು, ಮುಂದಿನ ತಿಂಗಳದ್ದು ಮಾರಲು ಅಡ್ಡಿಯಾಗಬಹುದು. ಪ್ರತಿದಿನದ ಪಟ್ಟಿ ವಿನಿಮಯ ಕೇಂದ್ರದ ತಾಣದಲ್ಲಿ ಸಿಗುತ್ತದೆ.

ಷೇರನ್ನು ಬೇರೆ ಅಗತ್ಯಕ್ಕೆ ಮಾರಿ, ಕಾಲ್ ಇರುವುದನ್ನು ಮರೆಯುವುದೂ ಉಂಟು. ಮದುವೆ, ಮನೆ ರಿಪೇರಿ, ತೋಟಕ್ಕೆ ಗೊಬ್ಬರ, ಏನೇ ಇರಲಿ, ಮೊದಲು ಕಾಲ್ ವಾಪಸ್ ಕೊಳ್ಳಿ, ಆಮೇಲೆ ಷೇರು ಮಾರಿ.

ನಿಫ್ಟಿ ಇಟಿಎಫ್ (ನಿಫ್ಟಿ ಸೂಚ್ಯಂಕವನ್ನು ಅನುಸರಿಸುವ ಫಂಡ್) ಇಟ್ಟುಕೊಂಡು ನಿಫ್ಟಿ ಕಾಲ್ ಮಾರುವವರಿಗೆ ಒಂದೇ ಮಾತು: ಸೂಚ್ಯಂಕದ ಆಪ್ಷನ್ ನಗದಿನಲ್ಲಿ ತೀರುತ್ತದೆ. ಇಟಿಎಫ್ ಕೊಟ್ಟು ಕೈ ತೊಳೆದುಕೊಳ್ಳಲು ಆಗುವುದಿಲ್ಲ, ವ್ಯತ್ಯಾಸವನ್ನು ಹಣವಾಗಿಯೇ ಕಟ್ಟಬೇಕು.

ಅಮೆರಿಕದ ಪುಸ್ತಕಗಳನ್ನು ಓದಿ ಕಲಿತವರು ಎರಡು ವಿಷಯ ತಿದ್ದಿಕೊಳ್ಳಬೇಕು. ಷಿಕಾಗೋದಲ್ಲಿ 1973ರ ಏಪ್ರಿಲ್ 26ರಂದು 16 ಕಂಪನಿಗಳ ಕಾಲ್‌ಗಳೊಂದಿಗೆ ಆಪ್ಷನ್ ವಿನಿಮಯ ಕೇಂದ್ರ ಶುರುವಾಯಿತು, ಅಲ್ಲಿನ ಒಪ್ಪಂದ ಸಾಮಾನ್ಯವಾಗಿ 100 ಷೇರಿಗೆ, ಕೊಂಡವರು ಯಾವ ದಿನ ಬೇಕಾದರೂ ಹಕ್ಕು ಚಲಾಯಿಸಬಹುದು. ಡಿವಿಡೆಂಡ್ ಹಿಂದಿನ ದಿನ ಷೇರು ಕಿತ್ತುಕೊಂಡುಹೋಗುವ ಭಯ ಅಲ್ಲಿಯದು. ಎನ್‌ಎಸ್‌ಇಯಲ್ಲಿ ಷೇರು ಆಪ್ಷನ್ 2001ರ ಜುಲೈನಲ್ಲಿ ಬಂತು, 2011ರಿಂದ ಅದು ಯುರೋಪಿಯನ್ ಮಾದರಿಯದ್ದು, ಎಕ್ಸ್‌ಪೈರಿಯ ದಿನ ಮಾತ್ರ ಚಲಾವಣೆ. ಮಧ್ಯೆ ಬರುವ ಡಿವಿಡೆಂಡ್ ಷೇರು ಇಟ್ಟುಕೊಂಡಿರುವ ನಿಮ್ಮದೇ.

ಎಕ್ಸ್‌ಪೈರಿ ವಾರ

2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳೂ ಷೇರು ಕೊಟ್ಟು ತೆಗೆದುಕೊಂಡೇ ತೀರುತ್ತವೆ. ಷೇರು 520ಕ್ಕಿಂತ ಐದು ಪೈಸೆ ಮೇಲೆ ಮುಗಿದರೂ ಕಾಲ್ ತಾನಾಗಿ ಚಲಾವಣೆಯಾಗುತ್ತದೆ, ನೀವು 1,200 ಷೇರು ಕೊಡಬೇಕು. ಕೊಡಲು ಷೇರು ಅಡವಿನಿಂದ ಬಿಡಿಸಿರಬೇಕು. ಬಿಡಿಸಲು ಒಂದೆರಡು ದಿನ ಹಿಡಿಯುತ್ತದೆ, ಬಿಡಿಸಿದರೆ ಮಾರ್ಜಿನ್ ಕಡಿಮೆಯಾಗುತ್ತದೆ, ಆದ್ದರಿಂದ ಆ ವಾರ ನಗದು ಇನ್ನಷ್ಟು ಬೇಕು. ಷೇರು ಸ್ಟ್ರೈಕ್ ಹತ್ತಿರ ಇದ್ದರೆ ಹಿಂದಿನ ಬುಧವಾರ ಗುರುವಾರವೇ ಬ್ರೋಕರ್‌ಗೆ ಫೋನ್ ಮಾಡಿ, ಅವರ ಕ್ರಮ ಏನು, ಅಡವಿನ ಷೇರನ್ನು ಅವರೇ ಬಿಡಿಸಿ ಕೊಡುತ್ತಾರೋ ನೀವು ಬಿಡಿಸಬೇಕೋ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಷೇರು ಸಮಯಕ್ಕೆ ತಲುಪದಿದ್ದರೆ ಹರಾಜಿಗೆ ಹೋಗುತ್ತದೆ, ಕೈಲಿ ಷೇರು ಇದ್ದೂ ದಂಡದ ಬೆಲೆ ತೆರಬೇಕಾಗುತ್ತದೆ. ಸರಿಯಾಗಿ ತಲುಪಿದರೆ ಖರ್ಚು ಹೆಚ್ಚಿಲ್ಲ: 6,24,000ಕ್ಕೆ ಶೇ 0.1ರಂತೆ 624 ರೂಪಾಯಿ ಎಸ್‌ಟಿಟಿ, ಮೇಲೆ ಬ್ರೋಕರ್‌ನ ಡೆಲಿವರಿ ಶುಲ್ಕ.

ಷೇರು ಬಿಟ್ಟುಕೊಡಲು ಇಷ್ಟವಿಲ್ಲದಿದ್ದರೆ ಕೊನೆಯ ದಿನದ ಮಧ್ಯಾಹ್ನಕ್ಕೆ ಕಾಯಬೇಡಿ. ಸ್ಟ್ರೈಕ್ ದಾಟಿ ಒಳಗೆ ಹೋದ ಕಾಲ್‌ಗಳಿಗೆ ಆಗ ಮಾರುವವರೇ ಸಿಗುವುದಿಲ್ಲ, ಸಿಕ್ಕರೂ ಒಳಬೆಲೆಗಿಂತ ಹೆಚ್ಚು ಕೇಳುತ್ತಾರೆ. ಕಕ್ಕಡದ ತಿಂಗಳಲ್ಲಂತೂ ಕರೆಂಟ್, ಟವರ್ ಎರಡೂ ಇರುತ್ತವೆ ಎಂದು ನಂಬಿ ಎಕ್ಸ್‌ಪೈರಿ ದಿನಕ್ಕೆ ಏನನ್ನೂ ಉಳಿಸಿಕೊಳ್ಳಬಾರದು. ಫೋನ್ ಮೂಲಕ ಆರ್ಡರ್ ತೆಗೆದುಕೊಳ್ಳುವ ಬ್ರೋಕರ್‌ನ ಸಂಖ್ಯೆ ಕಾಗದದಲ್ಲಿ ಬರೆದಿರಲಿ.

ತೆರಿಗೆ, ಕಾಫಿ ಆದಾಯದ ಜೊತೆಗೆ

ಕಾಲ್‌ನಿಂದ ಬಂದ ಲಾಭ ಬಂಡವಾಳ ಲಾಭವಲ್ಲ, ವ್ಯವಹಾರದ ಆದಾಯ. ಐಟಿಆರ್-3 ನಮೂನೆಯ ರಿಟರ್ನ್ ಸಲ್ಲಿಸಬೇಕು, ನಿಮ್ಮ ಸ್ಲ್ಯಾಬ್ ದರದಲ್ಲೇ ತೆರಿಗೆ. ನಷ್ಟವಾದರೆ ಅದೇ ವರ್ಷ ಸಂಬಳ ಬಿಟ್ಟು ಬೇರೆ ಆದಾಯಗಳ ಎದುರು ಹೊಂದಿಸಬಹುದು, ಉಳಿದದ್ದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಒಯ್ದದ್ದು ವ್ಯವಹಾರದ ಆದಾಯದ ಎದುರು ಮಾತ್ರ, ಅದೂ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ.

ಬೆಳೆಗಾರರು ಇನ್ನೊಂದನ್ನು ನೋಡಬೇಕು. ಕಾಫಿ ಬೆಳೆದು ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 25, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ವ್ಯವಹಾರದ ಆದಾಯ, ಉಳಿದದ್ದು ಕೃಷಿ ಆದಾಯ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ ನಿಜ, ಆದರೆ ಅದು 5,000 ಮೀರಿದ್ದು, ಬೇರೆ ಆದಾಯ ಮೂಲ ವಿನಾಯಿತಿ ಮಿತಿ ದಾಟಿದ್ದರೆ, ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸುತ್ತಾರೆ. ಹಾಗಾಗಿ ಒಳ್ಳೆಯ ಫಸಲಿನ ವರ್ಷ ಪ್ರೀಮಿಯಂನ ಮೇಲೆ ಬೀಳುವ ದರ ಮೇಲಿನ ಸ್ಲ್ಯಾಬ್‌ನದ್ದಾಗಬಹುದು. ಪ್ರೀಮಿಯಂ ಪೂರ್ತಿ ಕೈಗೆ ಬರುತ್ತದೆ ಎಂದುಕೊಂಡು ಹೊರಡಬೇಡಿ.

ಕೊನೆಯದಾಗಿ ಹಳೆಯ ಷೇರು. 2020ರ ಮಾರ್ಚ್‌ನಲ್ಲಿ 120 ರೂಪಾಯಿಗೆ ಕೊಂಡ 1,200 ಷೇರು 520ಕ್ಕೆ ಹೋಗಿಬಿಟ್ಟರೆ ದೀರ್ಘಾವಧಿ ಬಂಡವಾಳ ಲಾಭ 4,80,000. ವರ್ಷದ ವಿನಾಯಿತಿ 1,25,000 ಕಳೆದು ಉಳಿದ 3,55,000ಕ್ಕೆ ಶೇ 12.5ರಂತೆ 44,375, ಸೆಸ್ ಸೇರಿ 46,150 ತೆರಿಗೆ. 10,800 ಪ್ರೀಮಿಯಂಗಾಗಿ 46,150 ರೂಪಾಯಿ ತೆರಿಗೆಯನ್ನು ಈ ವರ್ಷಕ್ಕೇ ಎಳೆದು ತಂದಂತಾಯಿತು. ಡಿಮ್ಯಾಟ್‌ನಲ್ಲಿ ಮೊದಲು ಬಂದ ಷೇರೇ ಮೊದಲು ಹೋಯಿತೆಂದು ಲೆಕ್ಕ, ಕಳೆದ ತಿಂಗಳು 500ಕ್ಕೆ ಕೊಂಡದ್ದನ್ನೇ ಕೊಟ್ಟೆ ಎಂದರೆ ಒಪ್ಪುವುದಿಲ್ಲ. ಆದರೆ ಈ ಲೆಕ್ಕ ಒಂದೊಂದು ಡಿಮ್ಯಾಟ್ ಖಾತೆಗೆ ಬೇರೆ ಬೇರೆ. ಹಳೆಯ ಷೇರುಗಳನ್ನು ಇದ್ದ ಖಾತೆಯಲ್ಲೇ ಬಿಟ್ಟು, ಕಾಲ್ ಮಾರಲೆಂದು ಕೊಳ್ಳುವ ಷೇರುಗಳಿಗೆ ನಿಮ್ಮದೇ ಹೆಸರಿನಲ್ಲಿ ಇನ್ನೊಂದು ಡಿಮ್ಯಾಟ್ ತೆರೆಯಿರಿ, ಆಪ್ಷನ್ ವಿಭಾಗವನ್ನು ಅದರಲ್ಲಿ ಮಾತ್ರ ತೆರೆಸಿ.